ಸೈಜಿಂಗ್‌ನಿಂದ ಬೀಮು ಬರುವ ತನಕ

ದೀಪಾವಳಿಯ ಪಾಡ್ಯ ಮುಗಿಯಿತೆಂದರೆ ನಮ್ಮ ಕಡೆ ಮನೆಮನೆಯಲ್ಲೂ ಒಂದು ಪಟ್ಟಿ ತಯಾರಾಗುತ್ತದೆ. ಸಕ್ಕರೆ ಕಾರ್ಖಾನೆಗಳ ಚಿಮಣಿಯಲ್ಲಿ ಹೊಗೆ ಏಳುವ ಹೊತ್ತಿಗೆ ಕಬ್ಬು ಬೆಳೆದವನಿಗೆ ತನ್ನ ಹೊಲಕ್ಕೆ ಕಬ್ಬು ಕಡಿಯುವ ಟೋಳಿ ಯಾವಾಗ ಬಂದೀತು ಎಂಬ ಚಿಂತೆ. ತುಳಸಿ ಲಗ್ನ ಆದ ಮೇಲೆ ಮದುವೆಯ ಮುಹೂರ್ತಗಳು ಶುರು. ಶಾಲೆಗಳಲ್ಲಿ ಗ್ಯಾದರಿಂಗು, ಅದರ ಬೆನ್ನಿಗೆ ಊರೂರಿನ ಯಾತ್ರೆ. ಕೊಲ್ಹಾಪುರದ ಶಿರೋಲಿ ಎಂಐಡಿಸಿ ಕೈಗಾರಿಕಾ ವಸಾಹತಿನ ಫೌಂಡ್ರಿಯವನಿಗೆ ಎರಕದ ಮಾಲು ಕಳಿಸುವ ತಾರೀಖು ತಲೆಯಲ್ಲಿ ಕುಣಿಯುತ್ತಿದ್ದರೆ, ಇಚಲಕರಂಜಿಯ ಮಗ್ಗದವನಿಗೆ ವ್ಯಾಪಾರಿ ಹೇಳಿದ ಮೀಟರಿನ ಲೆಕ್ಕ. ಗಡಹಿಂಗ್ಲಜದ ನಾವು ಈ ಎರಡೂ ಊರುಗಳಿಗೆ ಹೋಗಿ ಬರುವವರು. ಎಲ್ಲರ ಪಟ್ಟಿಯೂ ಒಂದಲ್ಲ ಒಂದು ದಿನ ನಮ್ಮ ಕಣ್ಣಿಗೆ ಬೀಳುತ್ತದೆ.

ಈ ಪಟ್ಟಿಗಳನ್ನು ಬರೆಯುವ ಜಾಗ ನೋಡಬೇಕು. ಎಷ್ಟೋ ಮನೆಗಳಲ್ಲಿ ಅದು ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕಾಲನಿರ್ಣಯದ ಪುಟ. ಜಯಂತರಾವ್ ಸಾಳಗಾಂವ್ಕರ್ 1973ರಲ್ಲಿ ಶುರು ಮಾಡಿದ ಈ ದಿನದರ್ಶಿಕೆ ಮರಾಠಿಯಲ್ಲೂ ಬರುತ್ತದೆ, ಕನ್ನಡದಲ್ಲೂ ಬರುತ್ತದೆ. ಗಡಿಯ ಮನೆಗಳಲ್ಲಿ ಎರಡೂ ಸಿಗುತ್ತವೆ. ತಾರೀಖಿನ ಚೌಕದಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ, ಹೆರಿಗೆಗೆ ಬಂದ ಮಗಳ ಡಾಕ್ಟರ್ ಭೇಟಿ, ಬಿತ್ತಿದ ದಿನ, ಮದುವೆಗೆ ಹೋಗಬೇಕಾದ ಊರು. ಮನೆಯ ಹೆಂಗಸರು ಈ ಚೌಕಗಳಲ್ಲಿ ಇಡೀ ಸಂಸಾರವನ್ನು ನಡೆಸುವ ರೀತಿಗೆ ನಾನು ಯಾವತ್ತೂ ತಲೆಬಾಗಿದವನು. ಯೋಜನೆಗೆ ಸಾಧನ ಹುಡುಕುವ ಯಾರೇ ಆಗಲಿ ಮೊದಲು ಇದನ್ನು ನೋಡಿಯೇ ಮುಂದೆ ಹೋಗಬೇಕು. ಇದು ಎಲ್ಲರ ಕಣ್ಣಿಗೆ ಬೀಳುತ್ತದೆ, ಕರೆಂಟು ಬೇಡ, ಯಾರು ಬೇಕಾದರೂ ಬರೆಯಬಹುದು. ಇಷ್ಟನ್ನೂ ಕಳೆದುಕೊಂಡು ಕಂಪ್ಯೂಟರಿಗೆ ಹೋಗಬೇಕೆಂದರೆ ಅದಕ್ಕೆ ತಕ್ಕ ಕಾರಣ ಇರಬೇಕು.

ಕಾರಣ ಇದೆ. ಗೋಡೆಯ ಮೇಲಿನ ಪಟ್ಟಿ ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದನ್ನು ಹೇಳುತ್ತದೆ. ಯಾವ ಕೆಲಸ ಯಾವ ಕೆಲಸಕ್ಕಾಗಿ ಕಾದು ಕುಳಿತಿದೆ ಎಂಬುದನ್ನು ಹೇಳುವುದಿಲ್ಲ. ನಮ್ಮ ಕಡೆ ಈ ಕಾಯುವಿಕೆ ಕಣ್ಣಿಗೆ ಕಟ್ಟುವಂತೆ ಕಾಣುವ ಊರೆಂದರೆ ಇಚಲಕರಂಜಿ.

ಕೊಲ್ಹಾಪುರದಿಂದ ಪೂರ್ವಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಪಂಚಗಂಗೆಯ ದಡದ ಈ ಊರು. ಜಹಾಗೀರದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಪ್ರೋತ್ಸಾಹದಿಂದ ವಿಠ್ಠಲರಾವ್ ದಾತಾರ್ ಅವರು 1904ರಲ್ಲಿ ಇಲ್ಲಿ ಮೊದಲ ಪವರ್‌ಲೂಮ್ ಹಾಕಿದರು. ಆಮೇಲೆ ಓಣಿ ಓಣಿಗೂ ಮಗ್ಗ ಬಂತು. ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. 2022ರಲ್ಲಿ ಮಹಾನಗರಪಾಲಿಕೆಯೂ ಆಯಿತು. ಮರಾಠಿಯ ಜತೆಗೆ ಕನ್ನಡ, ಹಿಂದಿ, ತೆಲುಗು ಎಲ್ಲವೂ ಕಿವಿಗೆ ಬೀಳುವ ಊರು ಅದು. ಶೆಡ್ಡಿನ ಒಳಗೆ ಕಾಲಿಟ್ಟರೆ ಮಾತ್ರ ಯಾವ ಭಾಷೆಯೂ ಕೇಳಿಸುವುದಿಲ್ಲ. ಅಲ್ಲಿಯ ಜನ ತುಟಿ ನೋಡಿ ಮಾತು ತಿಳಿಯುತ್ತಾರೆ, ಕೈಸನ್ನೆಯಲ್ಲಿ ಲೆಕ್ಕ ಹೇಳುತ್ತಾರೆ.

ಅಲ್ಲಿ ನಮ್ಮ ಸೋದರಮಾವನ ಮಗನ ಸಾದಾ ಮಗ್ಗಗಳ ಒಂದು ಶೆಡ್ಡಿದೆ. ಅವನು ಖರ್ಚಿವಾಲಾ, ವ್ಯಾಪಾರಿ ನೂಲು ಕೊಟ್ಟರೆ ಮಜೂರಿಯ ಮೇಲೆ ಬಟ್ಟೆ ನೆಯ್ದು ಕೊಡುವವನು. ಬಟ್ಟೆ ಎನ್ನುವುದು ಮಗ್ಗದಲ್ಲಿ ಶುರುವಾಗುವುದಿಲ್ಲ ಎಂಬುದು ನನಗೆ ಅವನ ಜತೆ ತಿರುಗಾಡಿದ ಮೇಲೆಯೇ ಮನದಟ್ಟಾದದ್ದು. ನೂಲು ಬರಬೇಕು, ವಾರ್ಪಿಂಗ್ ಆಗಬೇಕು, ಸೈಜಿಂಗ್‌ಗೆ ಹೋಗಿ ಗಂಜಿ ಹಿಡಿಯಬೇಕು. ಗಂಜಿ ಹಿಡಿಯದ ಹಾಸು ನೂಲು ಮಗ್ಗದ ಎಳೆತಕ್ಕೆ ತಾಳುವುದಿಲ್ಲ. ಸೈಜಿಂಗ್ ಮುಗಿದು ಹಾಸು ನೂಲು ಸುತ್ತಿದ ಬೀಮು ಶೆಡ್ಡಿಗೆ ಬಂದರೆ ವಹಿಫಣಿಯವರು ಕೂತು ಒಂದೊಂದೇ ಎಳೆಯನ್ನು ವಹಿಯಿಂದ, ಫಣಿಯಿಂದ ದಾಟಿಸುತ್ತಾರೆ. ಆಮೇಲೆ ಬೀಮು ಮಗ್ಗಕ್ಕೆ ಏರುತ್ತದೆ, ಜಾಬರ್ ಬಂದು ಮಗ್ಗ ಹೊಂದಿಸುತ್ತಾನೆ. ಅತ್ತ ಹೊಕ್ಕಿಗೆ ಬೇಕಾದ ಕಾಂಡಿ ತುಂಬುವ ಕೆಲಸ ಬದಿಗೆ ನಡೆದಿರುತ್ತದೆ. ನೆಯ್ದ ಮೇಲೆ ಬಟ್ಟೆಯ ತಪಾಸಣೆ, ಮಡಿಕೆ, ಗಂಟು, ಟೆಂಪೋ. ಇಷ್ಟನ್ನೂ ಲೆಕ್ಕದ ವಹಿಯಲ್ಲಿ ಬರೆದು ಕಾಯುವವರು ಶೆಡ್ಡಿನ ಗುಮಾಸ್ತರಾದ ದಿವಾಣಜಿ.

ಒಂದು ಲೆಕ್ಕ ಹಾಕಿ ನೋಡೋಣ. ಮಗ್ಗ ನಿಮಿಷಕ್ಕೆ 150 ಪೀಕ್, ಅಂದರೆ ಹೊಕ್ಕಿನ 150 ಎಳೆ, ಹೊಡೆಯುತ್ತದೆ ಎನ್ನಿ. ಎಳೆ ಹರಿಯುವುದು, ಕಾಂಡಿ ಬದಲಿಸುವುದು, ಕರೆಂಟು ಹೋಗುವುದು ಎಲ್ಲ ಕಳೆದು ನೂರಕ್ಕೆ 80ರಷ್ಟು ಹೊತ್ತು ನಡೆಯಿತು ಎನ್ನಿ. ಗಂಟೆಗೆ 7200 ಪೀಕ್ ಆಯಿತು. ಬಟ್ಟೆಗೆ ಇಂಚಿಗೆ 60 ಪೀಕ್ ಬೇಕಾದರೆ ಗಂಟೆಗೆ 120 ಇಂಚು, ಅಂದರೆ ಮೂರು ಮೀಟರಿನ ಮೇಲೆ ಚೂರು. ಹನ್ನೆರಡು ಗಂಟೆಯ ಎರಡು ಪಾಳಿಗೆ ಒಂದು ಮಗ್ಗ 73 ಮೀಟರ್ ಕೊಟ್ಟರೆ 24 ಮಗ್ಗಗಳಿಗೆ ದಿನಕ್ಕೆ 1750 ಮೀಟರ್. 20,000 ಮೀಟರಿನ ಕೆಲಸಕ್ಕೆ ಹನ್ನೆರಡು ದಿನ. ಈ ಲೆಕ್ಕ ಇಚಲಕರಂಜಿಯ ಯಾವ ಮಗ್ಗದವನಿಗೂ ಬಾಯಿಪಾಠ. ಅದಕ್ಕೆ ಕಂಪ್ಯೂಟರು ಬೇಕಿಲ್ಲ.

ಆದರೆ ವ್ಯಾಪಾರಿಗೆ ಹೇಳುವ ತಾರೀಖು ಈ ಹನ್ನೆರಡು ದಿನದಿಂದ ಬರುವುದಿಲ್ಲ. ಸೈಜಿಂಗ್‌ನವರ ಸರತಿ ಯಾವಾಗ ಎಂಬುದರಿಂದ ಬರುತ್ತದೆ. ಕಾಂಡಿ ತುಂಬುವುದು ಎರಡು ದಿನ ತಡವಾದರೂ ಬೀಮು ಬರುವುದರೊಳಗೆ ಸರಿದೂಗಿಸಬಹುದು. ಸೈಜಿಂಗ್ ಎರಡು ದಿನ ತಡವಾಯಿತೆಂದರೆ ಟೆಂಪೋ ಹೊರಡುವುದೂ ಎರಡು ದಿನ ತಡ. ಪಕ್ಕದ ಶೆಡ್ಡಿನ ಮಗ್ಗಗಳನ್ನು ಬಾಡಿಗೆಗೆ ಹಿಡಿದರಷ್ಟೇ ಆ ಎರಡು ದಿನ ಮರಳಿ ಬಂದಾವು. ಯಾವ ಕೊಂಡಿ ಜಗ್ಗಿದರೆ ಇಡೀ ಸರಪಳಿ ಜಗ್ಗುತ್ತದೋ ಆ ಕೊಂಡಿಗಳ ಸಾಲಿಗೆ ಯೋಜನಾ ವಿದ್ಯೆಯವರು ಕ್ರಿಟಿಕಲ್ ಪಾತ್ ಎನ್ನುತ್ತಾರೆ. 1957ರ ಹೊತ್ತಿಗೆ ಅಮೆರಿಕದ ಡ್ಯುಪಾಂಟ್ ಮತ್ತು ರೆಮಿಂಗ್ಟನ್ ರಾಂಡ್ ಕಂಪನಿಗಳ ಮಾರ್ಗನ್ ವಾಕರ್, ಜೇಮ್ಸ್ ಕೆಲ್ಲಿ ಇದರ ಲೆಕ್ಕವನ್ನು ಕಂಪ್ಯೂಟರಿಗೆ ಹೊಂದಿಸಿದರು. ಮರುವರ್ಷ ಅಲ್ಲಿಯ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ಸೋದರ ಪದ್ಧತಿಯನ್ನು ಕಟ್ಟಿತು.

ಒಂದೊಂದು ಕೆಲಸವನ್ನೂ ಒಂದೊಂದು ಅಡ್ಡಗೆರೆಯಾಗಿ ತೋರಿಸುವ ನಕ್ಷೆ ಅದಕ್ಕೂ ಹಳೆಯದು. ಅಮೆರಿಕದ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಬಳಕೆಗೆ ತಂದದ್ದರಿಂದ ಗ್ಯಾಂಟ್ ಚಾರ್ಟ್ ಎಂಬ ಹೆಸರು ನಿಂತಿತು. ಅವರಿಗಿಂತ ಮೊದಲೇ, 1896ರಲ್ಲಿ, ಪೋಲೆಂಡಿನ ಕಾರಲ್ ಅದಾಮಿಯೆಟ್ಸ್ಕಿ ಎಂಬ ಎಂಜಿನಿಯರು ಹಾರ್ಮೋನೋಗ್ರಾಮ್ ಎಂಬ ಇಂಥದೇ ನಕ್ಷೆ ಮಾಡಿದ್ದರು. ಅವರು ಕೆಲಸ ಮಾಡಿದ್ದು ಉಕ್ಕಿನ ರೋಲಿಂಗ್ ಮಿಲ್ಲುಗಳಲ್ಲಿ. ಇದನ್ನು ಓದಿದಾಗ ನನಗೆ ಕೊಲ್ಹಾಪುರದ ಫೌಂಡ್ರಿಗಳು ನೆನಪಾದವು. ಪ್ಯಾಟರ್ನ್ ಆಗದೆ ಅಚ್ಚಿಲ್ಲ, ಕೋರ್ ಕೂರಿಸದೆ ಎರಕವಿಲ್ಲ, ಎರಕ ತಣಿಯದೆ ಫೆಟ್ಲಿಂಗ್ ಇಲ್ಲ. ಬಿಸಿ ಲೋಹದ ಮುಂದೆ ನಿಂತವನಿಗೆ ಒಂದು ಕೆಲಸ ಇನ್ನೊಂದಕ್ಕೆ ಕಾಯುವುದು ಪುಸ್ತಕದ ಮಾತಲ್ಲ. ಈ ವಿದ್ಯೆ ಹುಟ್ಟಿದ್ದು ಅಂಥವರ ನಡುವೆಯೇ. ಹಾಗಾಗಿ ಇದು ದೊಡ್ಡ ಕಂಪನಿಯವರ ಸ್ವತ್ತು, ನಮ್ಮಂಥವರಿಗಲ್ಲ ಎಂಬ ಹಿಂಜರಿಕೆಯನ್ನು ನಾನು ಒಪ್ಪುವುದಿಲ್ಲ.

ಇಚಲಕರಂಜಿಯ ಶೆಡ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪು ಬಿಚ್ಚಿ ನಾನು ಈ ಅಡ್ಡಗೆರೆಗಳನ್ನು ತೋರಿಸಿದಾಗ ವಯಸ್ಸಾದ ದಿವಾಣಜಿಯವರು ಕನ್ನಡಕ ಏರಿಸಿಕೊಂಡು ನೋಡಿದರು. ಅವರು ಅಥಣಿ ಕಡೆಯವರು.

“ಇದಕ್ಕ ವರ್ಷಕ್ಕ ಎಷ್ಟು ಕೊಡಬೇಕ್ರೀ, ಸರ?”

“ಏನೂ ಇಲ್ರೀ.”

“ಮುಫತ್ತಂದ್ರ ನಾಳೆ ಅವ ಬಂದ್ ಮಾಡಿದ್ರ? ನಮ್ಮ ಲೆಕ್ಕಾ ಎಲ್ಲಿ ಹುಡುಕೂದು?”

ನೂರು ತಂತ್ರಾಂಶಗಳ ಗುಣಪಟ್ಟಿ ಓದಿದವರೂ ಕೇಳದ ಪ್ರಶ್ನೆ ಇದು. ಎಷ್ಟೋ ವರ್ಷ ವಹಿ ಕಾಯ್ದವರಿಗೆ ಮಾತ್ರ ಮೊದಲು ಹೊಳೆಯುವಂಥದು. ಇದಕ್ಕೆ ಉತ್ತರ ಕೊಡಲು ನಾನು ಅವರಿಗೆ ಓಪನ್‌ಪ್ರಾಜ್‌ನ ಕಥೆ ಹೇಳಿದೆ.

ಪ್ರಾಜಿಟಿ ಎಂಬ ಕಂಪನಿ 2007ರಲ್ಲಿ ಓಪನ್‌ಪ್ರಾಜ್ ಎಂಬ ಯೋಜನಾ ತಂತ್ರಾಂಶವನ್ನು ಹೊರತಂದಿತು. ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನ ಕಡತಗಳನ್ನು ತೆರೆಯಬಲ್ಲ, ದುಡ್ಡಿಲ್ಲದೆ ಸಿಗುವ, ಮೂಲ ಸಂಕೇತ ಬಹಿರಂಗವಾಗಿದ್ದ ಸಾಧನ ಎಂದು ಜನ ಅದನ್ನು ಬಹಳ ಬಳಸಿದರು. ಮರುವರ್ಷ ಆ ಕಂಪನಿಯನ್ನು ಸೆರೇನಾ ಎಂಬ ಇನ್ನೊಂದು ಕಂಪನಿ ಕೊಂಡಿತು. ಬರಬರುತ್ತ ಓಪನ್‌ಪ್ರಾಜ್‌ನ ಕೆಲಸ ನಿಂತೇ ಹೋಯಿತು. ಮೂಲ ಸಂಕೇತ ಕಂಪನಿಯ ಕಪಾಟಿನಲ್ಲಿ ಬೀಗ ಹಾಕಿಕೊಂಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಹಾಗಾಗಲಿಲ್ಲ. ಬಲ್ಲವರು ಅದೇ ಸಂಕೇತವನ್ನು ಎತ್ತಿಕೊಂಡು, ರಿಪೇರಿ ಮಾಡಿ, 2012ರಲ್ಲಿ ಪ್ರಾಜೆಕ್ಟ್‌ಲಿಬ್ರೆ ಎಂಬ ಹೊಸ ಹೆಸರಿನಲ್ಲಿ ಹೊರತಂದರು. ಅದು ಇವತ್ತಿಗೂ ಸಿಗುತ್ತದೆ. ಇನ್ನೊಂದು ವಂಶ ನೋಡಿ: ಜ್ಯಾಂ-ಫಿಲಿಪ್ ಲಾಂಗ್ 2006ರಲ್ಲಿ ರೆಡ್‌ಮೈನ್ ಶುರು ಮಾಡಿದರು, ಅದರ ದಾರಿ ಒಪ್ಪದ ಕೆಲವರು ಕವಲೊಡೆದು ಚಿಲಿಪ್ರಾಜೆಕ್ಟ್ ಕಟ್ಟಿದರು, ಅದರಿಂದ ಜರ್ಮನಿಯವರ ಓಪನ್‌ಪ್ರಾಜೆಕ್ಟ್ ಬಂತು. ರೆಡ್‌ಮೈನೂ ಉಳಿದಿದೆ, ಓಪನ್‌ಪ್ರಾಜೆಕ್ಟೂ ಬೆಳೆದಿದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನೂ ಯೋಜನೆ ಸಾರಿದಾಗಿನಿಂದ ಮುಕ್ತ ತಂತ್ರಾಂಶದವರು ಪಟ್ಟು ಹಿಡಿದು ಕೇಳುತ್ತ ಬಂದದ್ದು ಇದನ್ನೇ: ಬಳಸುವ ಹಕ್ಕು, ಬಿಚ್ಚಿ ನೋಡುವ ಹಕ್ಕು, ತಿದ್ದುವ ಹಕ್ಕು, ಹಂಚುವ ಹಕ್ಕು.

ದುಡ್ಡು ಕೇಳದೆ ಅಂತರ್ಜಾಲದಲ್ಲಿ ಸಿಗುವ ಬೇರೆ ಸೇವೆಗಳೂ ಇವೆ. ಅವು ಸುಂದರವಾಗಿವೆ, ಮೊಬೈಲಿನಲ್ಲಿ ಚೆನ್ನಾಗಿ ನಡೆಯುತ್ತವೆ. ಆದರೆ ಅಲ್ಲಿಯ ನಿಯಮ ಅವರ ಕೈಯಲ್ಲಿ. ಟ್ರೆಲ್ಲೊ 2024ರಲ್ಲಿ ತನ್ನ ಉಚಿತ ಖಾತೆಗಳಿಗೆ ಹತ್ತು ಜನರ ಮಿತಿ ಹಾಕಿತು. ಕಂಪನಿಗೆ ಹಾಗೆ ಮಾಡುವ ಹಕ್ಕಿದೆ. ಹನ್ನೊಂದನೆಯವನು ನಮ್ಮ ಗುಂಪಿನಲ್ಲಿ ಇದ್ದರೆ ಏನು ಮಾಡಬೇಕೆಂದು ನಾವು ಮೊದಲೇ ಯೋಚಿಸಿರಬೇಕು, ಅಷ್ಟೇ. ದಿವಾಣಜಿಯವರ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದು ಮೂಲ ಸಂಕೇತ ಬಹಿರಂಗವಿರುವ, ನಮ್ಮದೇ ಕಂಪ್ಯೂಟರಿನಲ್ಲಿ ಕೂರುವ, ನಮ್ಮ ಕಡತ ನಮ್ಮಲ್ಲೇ ಉಳಿಯುವ ತಂತ್ರಾಂಶ ಮಾತ್ರ.

ಅಂಥವೂ ಬೇಕಾದಷ್ಟಿವೆ. ಅವುಗಳಲ್ಲಿ ಆರಿಸುವಾಗ ನಾನು ಕೇಳಿಕೊಳ್ಳುವುದು ಒಂದೇ: ನಾನಿಲ್ಲದ ದಿನ ಇದನ್ನು ತೆರೆದು ಒಂದು ತಾರೀಖು ಬದಲಿಸುವವರು ಯಾರು? ಓಪನ್‌ಪ್ರಾಜೆಕ್ಟ್, ರೆಡ್‌ಮೈನ್, ಟೈಗಾ ಇವು ಒಳ್ಳೆಯ ತಂತ್ರಾಂಶಗಳು. ಬೇರೆಬೇರೆ ಊರಲ್ಲಿ ಕೂತ ಇಪ್ಪತ್ತು ಮೂವತ್ತು ಜನ ಒಂದೇ ಕೆಲಸ ಮಾಡುವಾಗ ಅವುಗಳ ಬೆಲೆ ತಿಳಿಯುತ್ತದೆ. ಆದರೆ ಅವನ್ನು ನಮ್ಮದೇ ಜಾಗದಲ್ಲಿ ಇಟ್ಟುಕೊಳ್ಳಬೇಕೆಂದರೆ ಸರ್ವರ್ ಬೇಕು, ಡೇಟಾಬೇಸ್ ಬೇಕು, ಹೊಸ ಆವೃತ್ತಿ ಬಂದಾಗ ಕೂತು ಹಚ್ಚುವವರು ಬೇಕು. ಒಂದು ಶೆಡ್ಡಿಗೆ, ಒಂದು ಶಾಲೆಗೆ ಅಷ್ಟು ಆಡಂಬರ ಹೊರೆ. ಟಾಸ್ಕ್‌ಜಗ್ಲರ್ ಎಂಬ ಇನ್ನೊಂದು ಇದೆ. ಅದರಲ್ಲಿ ಕೆಲಸ, ಅವಧಿ, ಅವಲಂಬನೆ ಎಲ್ಲವನ್ನೂ ಪಠ್ಯವಾಗಿ ಬರೆದುಕೊಡಬೇಕು, ಅದು ನಕ್ಷೆ ಮಾಡಿಕೊಡುತ್ತದೆ. ಅದರ ಲೆಕ್ಕದ ಶಿಸ್ತು ನನಗೆ ಬಹಳ ಇಷ್ಟ. ಆದರೆ ಜಾಬರ್ ಅದನ್ನು ತೆರೆದು ತಿದ್ದಲಾರ, ಹಾಗಾಗಿ ಕೈಬಿಟ್ಟೆ. ಗ್ನೋಮ್‌ನ ಪ್ಲಾನರ್ ಸರಳವಾಗಿದೆ, ಆದರೆ ಅದರ ಬೆಳವಣಿಗೆ ಬಹಳ ಕಾಲ ಕುಂಟುತ್ತಲೇ ಬಂದಿದೆ.

ಶೆಡ್ಡಿನ ಕೆಲಸಕ್ಕೆ ನಿಂತದ್ದು ಗ್ಯಾಂಟ್‌ಪ್ರಾಜೆಕ್ಟ್. 2003ರಲ್ಲಿ ಫ್ರಾನ್ಸಿನ ವಿಶ್ವವಿದ್ಯಾಲಯವೊಂದರಲ್ಲಿ ಹುಟ್ಟಿ, ಕೈಯಿಂದ ಕೈಗೆ ದಾಟಿ, ಇಂದಿಗೂ ಬೆಳೆಯುತ್ತಿರುವ ತಂತ್ರಾಂಶ ಅದು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಒಮ್ಮೆ ಹಾಕಿಕೊಂಡರೆ ಅಂತರ್ಜಾಲ ಬೇಡ. ಎಡಗಡೆ ಕೆಲಸಗಳ ಸಾಲು, ಬಲಗಡೆ ಅಡ್ಡಗೆರೆಗಳು. ಸೈಜಿಂಗ್‌ನ ಗೆರೆಯಿಂದ ವಹಿಫಣಿಯ ಗೆರೆಗೆ ಮೌಸಿನಿಂದ ಎಳೆದರೆ ಬಾಣ ಬೀಳುತ್ತದೆ. ಸೈಜಿಂಗನ್ನು ಎರಡು ದಿನ ಮುಂದೆ ಸರಿಸಿದರೆ ವಹಿಫಣಿ, ನೇಯ್ಗೆ, ತಪಾಸಣೆ, ಟೆಂಪೋ ಎಲ್ಲವೂ ತಾವಾಗಿಯೇ ಸರಿಯುತ್ತವೆ, ಕಾಂಡಿಯ ಗೆರೆ ಮಾತ್ರ ಇದ್ದಲ್ಲೇ ಇರುತ್ತದೆ. ಕ್ರಿಟಿಕಲ್ ಪಾತ್ ತೋರಿಸು ಎಂದರೆ ಆ ಸಾಲನ್ನು ಬೇರೆಯಾಗಿ ಗುರುತು ಮಾಡಿ ತೋರಿಸುತ್ತದೆ. ಇಷ್ಟು ಕಂಡದ್ದೇ ದಿವಾಣಜಿಯವರು, “ಇದ ನೋಡ್ರಿ, ನಾ ವ್ಯಾಪಾರಿಗೆ ಬಾಯಿಲೆ ಹೇಳೂದು ಇದ,” ಎಂದರು. ಕಡತ ಉಳಿಯುವುದು ಎಕ್ಸ್‌ಎಂಎಲ್ ಎಂಬ ಸಾದಾ ಪಠ್ಯರೂಪದಲ್ಲಿ. ನಾಳೆ ಗ್ಯಾಂಟ್‌ಪ್ರಾಜೆಕ್ಟೇ ಇಲ್ಲದಿದ್ದರೂ ನೋಟ್‌ಪ್ಯಾಡಿನಲ್ಲಿ ತೆರೆದರೆ ಕೆಲಸದ ಹೆಸರು, ತಾರೀಖು ಕಣ್ಣಿಗೆ ಕಾಣುತ್ತವೆ. ಅವರ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಉತ್ತರ ನನ್ನಲ್ಲಿರಲಿಲ್ಲ.

ರಜೆಗಳ ಮಾತು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಸಣ್ಣ ಯೋಜನೆಗಳು ಕೆಡುವುದು ಹೆಚ್ಚಾಗಿ ರಜೆಯಿಂದ. ತಂತ್ರಾಂಶಗಳು ಶನಿವಾರ ಭಾನುವಾರ ರಜೆ ಎಂದುಕೊಂಡೇ ಬರುತ್ತವೆ. ನಮ್ಮಲ್ಲಿ ಶನಿವಾರ ಪೂರ್ತಿ ಕೆಲಸ, ವಾರದ ರಜೆಯೂ ಎಲ್ಲರಿಗೂ ಒಂದೇ ದಿನವಲ್ಲ. ಹಬ್ಬಗಳ ವಿಷಯವಂತೂ ಇನ್ನೂ ಚೆಂದ. ಜ್ಯೇಷ್ಠದ ಹುಣ್ಣಿಮೆಗೆ ಕರ್ನಾಟಕದಲ್ಲಿ ಕಾರ ಹುಣ್ಣಿಮೆ. ಇಚಲಕರಂಜಿ, ಶಿರೋಳ ಕಡೆ ಅದೇ ಹಬ್ಬ ಕರ್ನಾಟಕಿ ಬೇಂದೂರ. ಎತ್ತುಗಳಿಗೆ ಬಣ್ಣ ಬಳಿದು, ಜೂಲು ಹೊದಿಸಿ, ಕರಿ ಹರಿಯುವುದನ್ನು ನೋಡಲು ಇಚಲಕರಂಜಿಯಲ್ಲಿ ಜನಸಾಗರ. ತಿಂಗಳು ಬಿಟ್ಟು ಆಷಾಢದಲ್ಲಿ ಮಹಾರಾಷ್ಟ್ರದ ಬೇಂದೂರ ಬರುತ್ತದೆ. ರಾಜ್ಯದ ಗಡಿ ನಕ್ಷೆಯಲ್ಲಿ ಎಲ್ಲೇ ಇರಲಿ, ಎತ್ತುಗಳು ತಮ್ಮ ಹಬ್ಬವನ್ನು ತಮ್ಮ ತಿಥಿಗೇ ಮಾಡಿಸಿಕೊಳ್ಳುತ್ತವೆ. ಫ್ರಾನ್ಸಿನಲ್ಲಿ ಕೂತು ತಂತ್ರಾಂಶ ಬರೆದವರಿಗೆ ಕರ್ನಾಟಕಿ ಬೇಂದೂರ ತಿಳಿಯಲೆಂದು ಅಪೇಕ್ಷಿಸಲಾಗದು. ನಾವು ಆ ದಿನವನ್ನು ರಜೆಯೆಂದು ಸೇರಿಸಲು ಅವಕಾಶ ಇರಬೇಕು, ಇದೆ. ಮೊದಲ ಕೂರಿಕೆಯಲ್ಲೇ ಮನೆಯ ಕಾಲನಿರ್ಣಯವನ್ನು ಪಕ್ಕಕ್ಕಿಟ್ಟುಕೊಂಡು ವರ್ಷದ ರಜೆಗಳನ್ನು ತುಂಬಿಬಿಡಿ. ಉತ್ತರಪ್ರದೇಶ, ಬಿಹಾರದಿಂದ ಬಂದ ಮಗ್ಗದ ಕಾರ್ಮಿಕರು ಹೋಳಿಗೆ, ಈದಿಗೆ, ಛಠ್ ಪೂಜೆಗೆ ಊರಿಗೆ ಹೋಗುವ ದಿನಗಳನ್ನೂ ಸೇರಿಸಿ. ಅವರಿಲ್ಲದ ಶೆಡ್ಡು ರಜೆಯ ಶೆಡ್ಡೇ.

ಫೌಂಡ್ರಿಯ ಗೆಳೆಯರಿಗೆ ನಾನು ಹೇಳುವುದು ಬೇರೆ. ಅವರಿಗೆ ಪುಣೆಯ ಗಿರಾಕಿಗಳಿಂದ ಮೈಕ್ರೋಸಾಫ್ಟ್ ಪ್ರಾಜೆಕ್ಟಿನ ಕಡತವೇ ಬರುತ್ತದೆ. ಅದನ್ನು ತೆರೆದು, ತಮ್ಮ ತಾರೀಖು ತುಂಬಿ ಮರಳಿ ಕಳಿಸಬೇಕು. ಅವರಿಗೆ ಪ್ರಾಜೆಕ್ಟ್‌ಲಿಬ್ರೆ ಸರಿ. ಮುಗಿಯುವ ತಾರೀಖನ್ನು ಮೊದಲು ಕೊಟ್ಟು ಹಿಂದಕ್ಕೆ ಲೆಕ್ಕ ಹಾಕುವುದೂ ಅದರಲ್ಲಿ ಆಗುತ್ತದೆ. ಮದುವೆಯ ಕೆಲಸಕ್ಕೂ ಇದು ಚೆನ್ನಾಗಿ ಹೊಂದುತ್ತದೆ. ಅಕ್ಷತೆಯ ಗಳಿಗೆ ಗೊತ್ತಾದ ಮೇಲೆ ಪತ್ರಿಕೆ ಅಚ್ಚಿಗೆ, ಮದುವೆಯ ಬಟ್ಟೆಯ ಬಸ್ತಾ ಕೊಳ್ಳುವುದಕ್ಕೆ, ಮಂಗಲ ಕಾರ್ಯಾಲಯದ ಮುಂಗಡಕ್ಕೆ ಕೊನೆಯ ದಿನ ಯಾವುದು ಎಂದು ಹಿಂದಕ್ಕೆ ಎಣಿಸುವುದೇ ತಾನೆ ಮನೆಯ ಹಿರಿಯರು ಮಾಡುವುದು.

ಇನ್ನು ಭಾಷೆ. ಗಡಹಿಂಗ್ಲಜದ ಸುತ್ತಲಿನ ನೂಲ, ಹಲಕರ್ಣಿ ಹಳ್ಳಿಗಳ ಕಡೆಯ ನಮ್ಮ ಜನರಿಗೆ ಕಂಪ್ಯೂಟರಿನಲ್ಲಿ ಕನ್ನಡ ಬೇಕು, ಅದೇ ಕಡತದಲ್ಲಿ ಮರಾಠಿಯೂ ಬೇಕು. ಯಾವ ತಂತ್ರಾಂಶವನ್ನಾದರೂ ಒಪ್ಪಿಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ: ‘ಕಾರ್ಯಕ್ರಮದ ಸಿದ್ಧತೆ’ ಎಂದು ಟೈಪಿಸಿ, ಪಿಡಿಎಫ್ ಮಾಡಿ, ಕಾಗದದ ಮೇಲೆ ಮುದ್ರಿಸಿ. ಪರದೆಯ ಮೇಲೆ ಸರಿಯಿದ್ದ ಒತ್ತಕ್ಷರ ಕಾಗದದಲ್ಲೂ ಸರಿ ಇರಬೇಕು. ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬರೆದಿಟ್ಟ ಪಟ್ಟಿಯಿದ್ದರೆ ಮೊದಲು ಅದನ್ನು ಯೂನಿಕೋಡಿಗೆ ತನ್ನಿ. ಇಲ್ಲದಿದ್ದರೆ ಅಂಟಿಸಿದ ಕಡೆಯೆಲ್ಲ ಗೊಂದಲದ ಚಿಹ್ನೆಗಳು. ಕನ್ನಡಕ್ಕೆ ಮುಕ್ತ ತಂತ್ರಾಂಶ ಒಗ್ಗುವುದಿಲ್ಲ ಎನ್ನುವವರು ಕಾಸರಗೋಡಿನ ಕಡೆ ನೋಡಬೇಕು. ಕೇರಳ ಸರಕಾರ ತನ್ನ ಶಾಲೆಗಳ ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು ವರ್ಷಗಳೇ ಆದವು. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಿದ್ದಾರೆ. ಲಿಬ್ರೆ ಆಫೀಸಿಗೆ ಕನ್ನಡದ ಮೆನು ಇದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯವರು ಮುಕ್ತ ತಂತ್ರಾಂಶಗಳ ಪಾಠಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ದನಿ ಕೊಟ್ಟು ಇಟ್ಟಿದ್ದಾರೆ. ಹಳ್ಳಿಯ ಮಾಸ್ತರರು ಅವನ್ನು ಕೇಳಿಯೇ ಕಲಿಯಬಹುದು.

ಶಾಲೆಯ ಮಾತು ಬಂದಾಗ ನನ್ನ ಸಲಹೆ ಬದಲಾಗುತ್ತದೆ. ಗಡಹಿಂಗ್ಲಜದ ಕಡೆಯ ಒಂದು ಶಾಲೆಯ ಗ್ಯಾದರಿಂಗಿಗೆ ನಾನು ಗ್ಯಾಂಟ್‌ಪ್ರಾಜೆಕ್ಟಿನಲ್ಲಿ ನಕ್ಷೆ ಹಾಕಿಕೊಡಲು ಹೋಗಲಿಲ್ಲ. ಅಲ್ಲಿ ಕೆಲಸಗಳು ಒಂದಕ್ಕೊಂದು ಕಾಯುವುದು ಕಡಿಮೆ. ಯಾರ ಪಾಲಿಗೆ ಏನು ಬಂದಿದೆ ಎಂಬುದು ಮುಖ್ಯ. ಪೆಂಡಾಲ್ ಒಬ್ಬರಿಗೆ, ಬಹುಮಾನ ಒಬ್ಬರಿಗೆ, ನಾಟಕದ ತಾಲೀಮು ಒಬ್ಬ ಶಿಕ್ಷಕಿಗೆ, ಊಟ ಪಾಲಕರ ಸಮಿತಿಗೆ. ಇಂಥಲ್ಲಿ ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಒಂದು ಹಾಳೆ ಸಾಕು: ಕೆಲಸ, ಯಾರು, ಯಾವ ತಾರೀಖಿನೊಳಗೆ, ಆಯಿತೋ ಇಲ್ಲವೋ. ಮುಗಿದ ಸಾಲಿಗೆ ತಾನಾಗಿ ಹಸಿರು ಬರುವಂತೆ ಮಾಡಿಕೊಟ್ಟರೆ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದ ಆ ಹಾಳೆಯನ್ನು ಎಲ್ಲರೂ ನಿಂತು ಓದುತ್ತಾರೆ. ಫಲಕದ ಮೇಲೆ ಚೀಟಿ ಸರಿಸುವ ಪದ್ಧತಿ ಇಷ್ಟಪಡುವವರಿಗೆ ಕಾನ್‌ಬೋರ್ಡ್ ಇದೆ. ಟೊಯೋಟಾದ ತೈಇಚಿ ಓನೊ ಕಾರ್ಖಾನೆಯಲ್ಲಿ ಬೆಳೆಸಿದ ಕಾನ್‌ಬಾನ್ ಪದ್ಧತಿಯ ಮಾದರಿ ಅದು. ಒಂದೇ ಕಂಪ್ಯೂಟರಿನಲ್ಲಿ ಇಟ್ಟು ಶಾಲೆಯ ವೈಫೈಯಿಂದ ಎಲ್ಲರ ಮೊಬೈಲಿಗೂ ಸಿಗುವಂತೆ ಮಾಡಬಹುದು. ಅದಕ್ಕೆ ಹೊಸ ಸೌಲಭ್ಯ ಸೇರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿ ದುರಸ್ತಿಯಷ್ಟೇ ನೋಡಿಕೊಳ್ಳುವುದಾಗಿ ಮಾಡಿದವರು ಹೇಳಿದ್ದಾರೆ. ಸಣ್ಣ ಕೆಲಸಕ್ಕೆ ಅದು ತೊಡಕೇನಲ್ಲ. ದಿನಕ್ಕೊಂದು ರೂಪ ಬದಲಿಸದ ಸಾಧನ ಮಾಸ್ತರರಿಗೆ ಹಿತ.

ಈ ಯಾವ ತಂತ್ರಾಂಶಕ್ಕೂ ನಿಲುಕದ ಒಂದು ಯೋಜನೆ ನಮ್ಮ ಜಿಲ್ಲೆಯಲ್ಲಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ಮಳೆಗಾಲದಲ್ಲಿ ಕೊಲ್ಹಾಪುರದ ಜನ ಬೆಳಗ್ಗೆ ಎದ್ದು ಮೊದಲು ಕೇಳುವುದು ಪಂಚಗಂಗೆಯ ರಾಜಾರಾಮ್ ಬಂಧಾರೆಯ ನೀರಿನ ಮಟ್ಟ. 39 ಅಡಿಗೆ ಎಚ್ಚರಿಕೆ, 43 ಅಡಿಗೆ ಅಪಾಯ. ಶಾಹೂ ಮಹಾರಾಜರ ಕಾಲದಲ್ಲಿ ಶುರುವಾಗಿ ಸ್ವಾತಂತ್ರ್ಯದ ನಂತರ ಪೂರ್ತಿಯಾದ ರಾಧಾನಗರಿ ಅಣೆಕಟ್ಟಿಗೆ ಏಳು ಸ್ವಯಂಚಾಲಿತ ಬಾಗಿಲುಗಳಿವೆ. ನೀರು ತುಂಬಿದರೆ ಯಾರೂ ಮುಟ್ಟದೆ ತೆರೆದುಕೊಳ್ಳುತ್ತವೆ. ಎಷ್ಟು ಬಾಗಿಲು ತೆರೆದವು ಎಂಬ ಸುದ್ದಿಯ ಮೇಲೆ ಪ್ರಯಾಗ ಚಿಖಲಿ, ಆಂಬೇವಾಡಿಯ ಜನ ದನಕರು ಹೊರಡಿಸುತ್ತಾರೆ; ಇಚಲಕರಂಜಿಯ ನದಿಬದಿಯ ಓಣಿಗಳಲ್ಲಿ ಸಾಮಾನು ಮೇಲಕ್ಕೆ ಏರುತ್ತದೆ. 2019ರಲ್ಲಿ, ಮತ್ತೆ 2021ರಲ್ಲಿ ನೀರು 55 ಅಡಿ ದಾಟಿತು. ನೆರೆಗೆ ಸಿದ್ಧವಾಗುವ ಈ ಯೋಜನೆಯ ಮೊದಲ ದಿನ ಯಾವ ಪಂಚಾಂಗದಲ್ಲೂ ಇಲ್ಲ. ಅದನ್ನು ಗೊತ್ತುಮಾಡುವುದು ನೀರಿನ ಮಟ್ಟ. ಗ್ಯಾಂಟ್‌ಪ್ರಾಜೆಕ್ಟ್ ಆಗಲಿ ಪ್ರಾಜೆಕ್ಟ್‌ಲಿಬ್ರೆ ಆಗಲಿ ತಾರೀಖನ್ನು ಬಲ್ಲವು, ‘ನೀರು 39 ಅಡಿಗೆ ಬಂದರೆ’ ಎಂಬ ಮಾತನ್ನು ಅರಿಯವು. ಅದಕ್ಕೆ ಬೇಕಾದದ್ದು ಮಟ್ಟಕ್ಕೊಂದು ಸಾಲಿನಂತೆ ಬರೆದ ಹಾಳೆ. 39ಕ್ಕೆ ಬೀಮು, ನೂಲಿನ ಗಂಟು ಅಟ್ಟಕ್ಕೆ. 41ಕ್ಕೆ ಮೋಟಾರು ಬಿಚ್ಚುವುದು. 43ಕ್ಕೆ ಮೇನ್ ಸ್ವಿಚ್ಚು ಇಳಿಸಿ ಜನ ಹೊರಕ್ಕೆ. ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಬಾಗಿಲಿನ ಒಳಗಡೆ ಅಂಟಿಸಬೇಕು. ನೀರು ಬಂದಾಗ ಕರೆಂಟೂ ಇರುವುದಿಲ್ಲ, ಲ್ಯಾಪ್‌ಟಾಪೂ ಇರುವುದಿಲ್ಲ. ನೆರೆ ಕಂಡ ಊರಿನ ಪ್ರತಿ ಶೆಡ್ಡಿನಲ್ಲೂ ಈ ಹಾಳೆ ಇರಲೇಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾಗಿ ಗೆಳೆಯರು ಯಾವುದು ಒಳ್ಳೆಯದು ಎಂದು ಕೇಳಿದಾಗ ನಾನು ಮೊದಲು ಅವರ ಕೆಲಸ ಕೇಳುತ್ತೇನೆ. ಕೆಲಸಗಳು ಒಂದಕ್ಕೊಂದು ಕಾಯುತ್ತವೆಯೇ? ಗ್ಯಾಂಟ್‌ಪ್ರಾಜೆಕ್ಟ್ ಹಾಕಿಕೊಳ್ಳಿ. ಹೊರಗಿನ ಗಿರಾಕಿಯ ಕಡತ ತೆರೆಯಬೇಕೇ? ಪ್ರಾಜೆಕ್ಟ್‌ಲಿಬ್ರೆ. ಹಂಚಿಕೆಯಷ್ಟೇ ಇದ್ದರೆ ಕ್ಯಾಲ್ಕ್‌ನ ಒಂದು ಹಾಳೆ. ಯಾವುದನ್ನೇ ಆರಿಸಿ, ಈಗಾಗಲೇ ಮುಗಿದಿರುವ ನಿಮ್ಮದೇ ಹಳೆಯ ಕೆಲಸವೊಂದನ್ನು ಅದರಲ್ಲಿ ತುಂಬಿ ನೋಡಿ; ನಿಜವಾಗಿ ಎಲ್ಲಿ ತಡವಾಗಿತ್ತೋ ಅದನ್ನು ನಕ್ಷೆ ತೋರಿಸಿತೇ ಎಂದು ಪರೀಕ್ಷಿಸಿ. ಇದಕ್ಕೆ ಒಂದು ಸಂಜೆ ಸಾಕು, ಅದು ಹೇಳುವಷ್ಟು ಯಾವ ಗುಣಪಟ್ಟಿಯೂ ಹೇಳದು.

ಇನ್ನೊಂದು ಮಾತು. ಈ ಸಣ್ಣ ಮುಕ್ತ ತಂತ್ರಾಂಶಗಳಲ್ಲಿ ಹಲವು ನಡೆಯುತ್ತಿರುವುದು ಬೆರಳೆಣಿಕೆಯ ಜನರ ದುಡಿಮೆಯಿಂದ, ಬಳಸುವವರು ಕಳಿಸುವ ಕಾಣಿಕೆಯಿಂದ. ನಿಮ್ಮ ಶೆಡ್ಡಿಗೆ, ಶಾಲೆಗೆ, ಮನೆಯ ಮದುವೆಗೆ ಅದು ಉಪಯೋಗಕ್ಕೆ ಬಂದರೆ ಮಾಡಿದವರಿಗೆ ಕೈಲಾದಷ್ಟು ಕಳಿಸಿ. ಕನ್ನಡದ ಒತ್ತಕ್ಷರ ತಪ್ಪಿ ಬಿದ್ದರೆ ಚಿತ್ರ ತೆಗೆದು ಅವರಿಗೆ ಬರೆದು ತಿಳಿಸಿ. ಬಳಸುವ ನಾವೇ ಹೇಳದಿದ್ದರೆ ಅವರಿಗೆ ತಿಳಿಯುವ ಬೇರೆ ದಾರಿಯಿಲ್ಲ.